ಕೇಳಿ ಸುಮ್ಮನಾಗು

ಬೇಕರಿಯವನ ನೆತ್ತಿಯ ಸೀಳಿಗೆ ಇನ್ನೊಂದು ಹೊಲಿಗೆ ಹಾಕಿ ನರ್ಸಮ್ಮ ದಾರ ಕತ್ತರಿಸುವಷ್ಟರಲ್ಲಿ ಮತ್ತೆ ರಕ್ತ ಒಸರಿತು. ಅವನ ದವಡೆಯೂ ಮುರಿದಿತ್ತು, ನೋವಾದರೂ ಕೂಗಲಾರ. ಸಭೆ ಮುಗಿಸಿ ಬಂದ ಜನ, ಬೇರೆ ಸೀಮೆಯಿಂದ ಬಂದ ಹೊರಗಿನವನೆಂದು ಅಂಗಡಿಯಿಂದ ಎಳೆದು, ಅವನದೇ ಒಲೆಯ ಕಬ್ಬಿಣದ ಸಲಾಕೆಯಿಂದ ಬಡಿದಿದ್ದರು. ಅಂಗಡಿಯಲ್ಲಿ ಜೊತೆಗಿದ್ದವನು ಆಸ್ಪತ್ರೆಯ ಹಾದಿಯಲ್ಲೇ ಸತ್ತಿದ್ದ.

ಬಡಿಯಲು ಹೋಗಿ ಅಂಗಡಿಯ ಗಾಜಿನಿಂದ ಅಂಗೈ ಕೊಯ್ದುಕೊಂಡ ಲಾರಿ ಡ್ರೈವರ್ ಪಕ್ಕದ ಮಂಚದಲ್ಲೇ ಕೂತಿದ್ದ.

"ನಂದು ಬೇಗ ನೋಡಿ ಸಿಸ್ಟರ್. ಅವನೇನು ಓಡಿಹೋಗಲ್ಲ."

"ನಿನ್ನ ಕೈಯೂ ಎಲ್ಲೂ ಹೋಗಲ್ಲ, ಕೂತ್ಕೋ. ಹೊಡೀರಿ ಅಂತ ಯಾರಪ್ಪ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಬೇರೆ ಲೀಡರ್‌ಗಳು ಸಭೇಲಿ ಹಿಂಗ್ಮಾಡಿ ಅಂತ ಹೇಳ್ತಾರೆ, ನಮ್ಮ ಲೀಡರ್ ಅಣ್ಣ ನಮ್ಮನ್ನೇ ಕೇಳ್ತಾರೆ. 'ನಿಮ್ಮ ತಟ್ಟೆಗೆ ಕೈ ಹಾಕಿದವನನ್ನ ಏನ್ಮಾಡ್ತೀರಿ ಅಣ್ಣಾ, ನೀವೇ ಹೇಳಿ' ಅಂದು ಸುಮ್ಮನೆ ನಿಂತ್ಬಿಟ್ರು. ನನ್ನನ್ನೇ ನೋಡ್ದಂಗಾಯ್ತು. ನಮ್ಮಪ್ಪನೂ ನನ್ನ ಒಂದು ಮಾತು ಹಂಗೆ ಕೇಳಿದವನಲ್ಲ. ಹೇಳ್ದೆ ಹೆಂಗಿರೋದು?"

ಸೂಜಿ ಅವಳ ಕೈಯಲ್ಲೇ ನಿಂತಿತು. ಆ ಅಣ್ಣ ಅವಳ ಒಡಹುಟ್ಟಿದ ತಮ್ಮ. ವೇದಿಕೆ ಹತ್ತಿದರೆ ಪುಸ್ತಕದ ಮಾತು ಬಿಟ್ಟು ಬೇರೆ ಬಾರದವನು. ಪ್ರತಿ ಸಭೆಗೆ ಮುಂಚೆ ಅಡುಗೆಮನೆಯ ಬಾಗಿಲಿಗೆ ಒರಗಿ ಭಾಷಣ ಓದುತ್ತಿದ್ದ. ಅವಳು ಹಿಟ್ಟು ಕಲಸುತ್ತಲೇ ತಿದ್ದುತ್ತಿದ್ದಳು. "'ಮಾನ್ಯ ನಾಗರಿಕರೇ' ಅಂದ್ರೆ ಆಕಳಿಸ್ತಾರೆ ಕಣೋ. ಅಣ್ಣಾ ಅನ್ನು. ಅಪ್ಪಣೆ ಕೊಡಬೇಡ, ಕೇಳು. ಕೇಳಿ ಸುಮ್ಮನಾಗು." ಔಷಧಿ ಬೇಡವೆಂದು ಮುಖ ತಿರುಗಿಸುವ ರೋಗಿಗಳನ್ನು ಅವಳು ಒಲಿಸಿಕೊಳ್ಳುತ್ತಿದ್ದುದೂ ಹಾಗೆಯೇ.

ಸಂಜೆ ತಮ್ಮನು ಭಾಷಣದ ಹಾಳೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ನಾಳೆ ರೈಲ್ವೆ ಕಾಲೋನಿಯಲ್ಲಿ ಸಭೆ. ಅಲ್ಲಿನ ಅರ್ಧ ಮನೆಗಳು ಹೊರಗಿನವರವು. ಅವಳ ಉಗುರಿನ ಬುಡದಲ್ಲಿ ರಕ್ತ ಇನ್ನೂ ಕಪ್ಪಾಗಿ ಅಂಟಿತ್ತು.

"ಒಬ್ಬ ಸತ್ತ," ಎಂದಳು.

"ನಾನೇನು ಹೊಡೀರಿ ಅಂದ್ನಾ ಅಕ್ಕ? ಕೇಳಿದೆ, ಅಷ್ಟೆ." ಹಾಳೆ ಬಿಡಿಸಿ ಓದಿದ. "'ಬಾಹ್ಯಶಕ್ತಿಗಳ ಅತಿಕ್ರಮಣವನ್ನು ಸರ್ವಥಾ ಖಂಡಿಸತಕ್ಕದ್ದು...' ಗಂಟಲಲ್ಲಿ ಕಡುಬು ಸಿಕ್ಕಂಗಿದೆ ಅಲ್ವಾ? ಜನ ಎದ್ದು ಹೋಗ್ತಾರೆ. ನಿನ್ನ ಬಾಯಲ್ಲಿ ಒಂದ್ಸಲ ಹೇಳು ನೋಡೋಣ."

ಹೇಗೆ ಹೇಳಬೇಕೆಂಬುದು ಅವಳ ನಾಲಿಗೆಯ ತುದಿಗೇ ಬಂದಿತ್ತು. ಅವನು ಕೇಳಿ, ಸುಮ್ಮನೆ ಅವಳನ್ನೇ ನೋಡುತ್ತ ನಿಂತಿದ್ದ.

"ಚೆನ್ನಾಗಿದೆ. ಹಾಗೇ ಓದು."

"ನಿಜವಾಗ್ಲೂ?"

"ಗಾಂಭೀರ್ಯ ಬಂದಿದೆ ಕಣೋ. ಒಂದಕ್ಷರ ಬದಲಿಸಬೇಡ."

ಅವನು ಹಿಗ್ಗಿ ಹಾಳೆ ಮಡಚಿಕೊಂಡ. ಅವಳು ನಲ್ಲಿ ತಿರುಗಿಸಿ ಉಗುರು ಉಜ್ಜತೊಡಗಿದಳು. ಜನ ಆಕಳಿಸಿ ಎದ್ದುಹೋಗಲಿ; ಇನ್ನು ಅವನು ಏನು ಓದಿದರೂ ಅವಳ ಉತ್ತರ ಇದೇ.