ಅರ್ಧಕ್ಕೆ ನಿಂತ ಬೈಗುಳ

ಬಿಳಿಗೆರೆಯ ಚನ್ನಾಜಮ್ಮ ಬೈಯಲು ಶುರುಮಾಡಿದರೆ ನಡುವೆ ಉಸಿರು ತೆಗೆದುಕೊಳ್ಳುವವಳಲ್ಲ. ಕೊಟ್ಟಿಗೆ ಬಾಗಿಲು ಹಾಕದ್ದಕ್ಕೆ ಆರಂಭವಾದದ್ದು ಗಂಡ ಶಿವಮಲ್ಲಪ್ಪನ ಅಕ್ಕಂದಿರವರೆಗೂ ಹೋಗಿ, ಯಾವುದೋ ಮದುವೆಯಲ್ಲಿ ಅವನು ಚಪ್ಪಲಿ ಕಳೆದುಕೊಂಡದ್ದನ್ನೂ ಮುಟ್ಟಿ, ಮತ್ತೆ ಕೊಟ್ಟಿಗೆಗೇ ಬಂದು ನಿಲ್ಲುತ್ತಿತ್ತು. ಶಿವಮಲ್ಲಪ್ಪ ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಳ್ಳುತ್ತಿದ್ದ. ಆ ಸದ್ದಿಲ್ಲದೆ ಅವನಿಗೆ ಬೆಳಗಾಗುತ್ತಿರಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಆ ಬೈಗುಳ ಅರ್ಧಕ್ಕೇ ನಿಲ್ಲತೊಡಗಿತು. "ನಿಮ್ಗೆ ಎಷ್ಟ್ ಸತಿ ಏಳ್ಬೇಕು..." ಎಂದವಳು ಏದುಸಿರು ಬಿಡುತ್ತಾ ಕಂಬ ಹಿಡಿದು ನಿಂತುಬಿಡುವಳು. ಡೈರಿಗೆ ಹಾಲು ಒಯ್ಯುವಾಗ ದಾರಿಯಲ್ಲಿ ಕೂತು ಕೂತು ಹೋಗುವಳು. ನಾಲೆಯಾಚೆಯ ಬಾಳೆ ತೋಟಕ್ಕೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ, "ವಯಸ್ಸಾಯ್ತು, ಬುಡಿ" ಎನ್ನುವಳು.

ಒಂದು ಬೆಳಿಗ್ಗೆ ಶಿವಮಲ್ಲಪ್ಪ ಮರೆವಿನಿಂದ ಕರು ಬಿಚ್ಚಿದ. ಅದು ತಾಯಿಯ ಕೆಚ್ಚಲನ್ನು ಬರಿದು ಮಾಡಿತು. ಚನ್ನಾಜಮ್ಮ ನೋಡಿದಳು, ಬಾಯಿ ತೆರೆದಳು, ಏನೂ ಹೇಳದೆ ಒಳಗೆ ಹೋದಳು. ಶಿವಮಲ್ಲಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಉಗಿದ. ಅಂದೇ ಅವಳನ್ನು ಬಸ್ಸು ಹತ್ತಿಸಿಕೊಂಡು ನರಸೀಪುರಕ್ಕೆ ಹೋದ.

ಅಲ್ಲಿನ ಡಾಕ್ಟರು ಎಕ್ಸ್‌ರೇ, ಇಸಿಜಿ ಎಲ್ಲ ನೋಡಿ, "ಹೃದಯ, ಶ್ವಾಸಕೋಶ ಚೆನ್ನಾಗಿವೆ. ಉಸಿರೆಳೆಯೋ ಸ್ನಾಯು ಸೊರಗಿವೆ" ಎಂದು ಫಿಸಿಯೊಥೆರಪಿಯ ಪಲ್ಲವಿಯ ಬಳಿ ಕಳಿಸಿದರು. ಆ ಹುಡುಗಿ ಗೇಣುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೈಗಿತ್ತಳು. ಒಳಗೊಂದು ಸ್ಪ್ರಿಂಗು, ಜೋರಾಗಿ ಎಳೆದರಷ್ಟೇ ಗಾಳಿಗೆ ದಾರಿ ಬಿಡುವಂಥದ್ದು.

"ಊದ್ಬೇಡಿ ಅಜ್ಜಿ, ಜೋರಾಗಿ ಒಳಕ್ಕೆ ಎಳೀರಿ. ಕೆಲ್ಸ ಕೊಟ್ರೆ ಕೈಕಾಲು ಗಟ್ಟಿಯಾಗಲ್ವಾ? ಎದೆಯೊಳಗಿನ ಸ್ನಾಯೂನೂ ಹಂಗೇ. ತಲೆ ಸುತ್ತಿದ್ರೆ ಮಾತ್ರ ನಿಲ್ಸಿಬಿಡಿ."

"ಉಸ್ರಾಡೋದ್ನೂ ಕಲೀಬೇಕಾ ಮಗಾ, ಈ ವಯಸ್ನಲ್ಲಿ?"

ಎಳೆದಳು. ಸ್ಪ್ರಿಂಗು ಅಲುಗಲಿಲ್ಲ. ಪಲ್ಲವಿ ಅದನ್ನು ಸಡಿಲಿಸಿಕೊಟ್ಟ ಮೇಲೆ ಒಂದಿಷ್ಟು ಗಾಳಿ ಒಳಹೋಯಿತು.

ಗಾಳಿ ಬಾಯಿಂದಲೇ ಹೋಗಲೆಂದು ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಕೊಳವೆ ಕಚ್ಚಿ ಕೂರಲು ಚನ್ನಾಜಮ್ಮನಿಗೆ ನಾಚಿಕೆ. ಬೆಳಿಗ್ಗೆ, ಸಂಜೆ ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಎಳೆಯುವಳು. ಶಿವಮಲ್ಲಪ್ಪ ಜಗಲಿಯಲ್ಲಿ ಕಾವಲು ಕೂರುವನು. ಪಕ್ಕದ ಮನೆಯ ಸರ್ವಮಂಗಳಾ ಬಂದರೆ, "ಅವ್ಳು ಪೂಜೇಲವ್ಳೆ ಕಣವ್ವ" ಎನ್ನುವನು.

ವಾರಗಳು ಕಳೆದವು. ನರಸೀಪುರಕ್ಕೆ ಹೋದ ಪ್ರತಿ ಸಲವೂ ಪಲ್ಲವಿ ಸ್ಪ್ರಿಂಗನ್ನು ಚೂರು ಬಿಗಿ ಮಾಡುತ್ತಾ ಬಂದಳು. ಚನ್ನಾಜಮ್ಮ ಎಲ್ಲೂ ಕೂರದೆ ಡೈರಿ ಮುಟ್ಟತೊಡಗಿದಳು.

ಒಂದು ಸಂಜೆ ಸರ್ವಮಂಗಳಾ ಬಂದು, "ಅಕ್ಕಾ, ದಿನಾ ಎರಡೊತ್ತು ಅಷ್ಟೊತ್ತು ಪೂಜೆ ಮಾಡ್ತೀಯಂತೆ. ನಮ್ ಸೊಸೆಗೂ ಏಳ್ಕೊಡು" ಎಂದಳು. ಏನೋ ಹೇಳಿ ಅವಳನ್ನು ಕಳಿಸಿದ ಚನ್ನಾಜಮ್ಮ ಗಂಡನ ಕಡೆ ತಿರುಗಿದಳು.

"ದ್ಯಾವ್ರ ಎಸ್ರಲ್ಲಿ ಸುಳ್ಳೇಳ್ತೀರಾ? ನಿಮ್ ಅಕ್ಕಂದಿರು ಕಲ್ಸಿದ್ ಬುದ್ಧಿನಾ ಇದು? ಆವತ್ತು ಕರು ಬಿಚ್ಚಿದ್ದೂ ಮರ್ತಿಲ್ಲ ನಾನು..."

ಕಂಬ ಹಿಡಿಯಲಿಲ್ಲ. ಎಲ್ಲೂ ನಿಲ್ಲಲಿಲ್ಲ. ಮುಗಿದಾಗ ಶಿವಮಲ್ಲಪ್ಪನ ಕಣ್ಣು ಒದ್ದೆಯಾಗಿತ್ತು.

"ಯಾಕ್ರೀ? ಜಾಸ್ತಿ ಅಂದ್‌ಬುಟ್ನಾ?"

"ಇಲ್ಲ ಕಣೆ. ಇನ್ನೂ ಸ್ವಲ್ಪ ಅನ್ನು."

ಅವಳಿಗೆ ಅರ್ಥವಾಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾಳೆ ತೋಟಕ್ಕೆ ನಾನೂ ಬತ್ತೀನಿ" ಎಂದಳು.

ಮರುದಿನ ನಾಲೆ ಏರಿಯ ಮೇಲೆ ಅವಳೇ ಮುಂದೆ. ಶಿವಮಲ್ಲಪ್ಪ ಹಿಂದೆ ಬಿದ್ದ. ಹೊಂಗೆ ಮರದಡಿ ನಿಂತು ಅವಳು ಕಾದಳು.

"ನಿಧಾನಕ್ ಬನ್ನಿ, ಆತ್ರ ಏನಿಲ್ಲ."

ಅವನು ಬಂದು ಕೂತ. ಪಕ್ಕದಲ್ಲಿ ಕೂತ ಚನ್ನಾಜಮ್ಮ, ತಾನು ಬಾರದಿದ್ದ ಆ ದಿನಗಳಲ್ಲಿ ಯಾವ ಬಾಳೆ ಗೊನೆ ಹಾಕಿತು, ಯಾವುದು ಗಾಳಿಗೆ ಬಿತ್ತು ಎಂದು ಒಂದೊಂದೇ ಕೇಳತೊಡಗಿದಳು.