ಥರ್ಲೋ ಹುಟ್ಟಿದ ಗಳಿಗೆ

ಆಲ್ಡನ್ ಥರ್ಲೋ ಅವರ ಹನ್ನೊಂದು ಕಾದಂಬರಿಗಳನ್ನೂ ಟೈಪ್ ಮಾಡಿದವಳು ನಾನು. ಅವುಗಳನ್ನು ಓದಿ ಅಮೆರಿಕವೆಲ್ಲ ಕಣ್ಣೊರೆಸಿಕೊಂಡಿತು. ಅವರ ಕೈಬರಹಕ್ಕೆ ಅತ್ತವಳು ನಾನೊಬ್ಬಳೇ.

ಎಪ್ಪತ್ತೆರಡರ ನವೆಂಬರಿನಲ್ಲಿ ಬಾಸ್ಟನ್ನಿನ ವೈದ್ಯರು ಅವರ ಹೃದಯದ ಶಸ್ತ್ರಚಿಕಿತ್ಸೆಗೆ ಗುರುವಾರ ಗೊತ್ತುಮಾಡಿದರು. ತಡಮಾಡಿದರೆ ಉಳಿಯುವುದಿಲ್ಲ ಎಂದೂ ಹೇಳಿದರು. ಥರ್ಲೋ ಮಾತ್ರ ವೆಲ್ಮಾ ಟಟಲ್ ಎಂಬ ಜ್ಯೋತಿಷಿಯನ್ನು ಮನೆಗೆ ಕರೆಸಿದರು. ಅವರ ಜನನಪತ್ರದಲ್ಲಿ ದಿನವಿತ್ತು, ಗಳಿಗೆಯಿರಲಿಲ್ಲ. ಗಳಿಗೆ ಗೊತ್ತಿಲ್ಲದವರ ಬದುಕಿನ ದೊಡ್ಡ ಪೆಟ್ಟುಗಳನ್ನು ಕೇಳಿ, ಹಿಂದಕ್ಕೆ ಲೆಕ್ಕ ಹಾಕಿ ವೆಲ್ಮಾ ಹುಟ್ಟಿದ ಗಳಿಗೆ ಹಿಡಿಯುತ್ತಿದ್ದಳು.

“ಮೊದಲ್ನೇ ಪೆಟ್ಟು ಯಾವ್ದು?”

“ಒಂಬತ್ತು ವರ್ಷದವನಿದ್ದಾಗ ಅಪ್ಪ ಸಮುದ್ರದಲ್ಲಿ ಮುಳುಗಿ ಹೋದ,” ಎಂದರು ಥರ್ಲೋ, ಕಣ್ಣು ಮಿಟುಕಿಸದೆ.

ಅಪ್ಪ ಮುಳುಗಿರಲಿಲ್ಲ. ಮಗನಿಗೆ ಹದಿನಾಲ್ಕಾಗಿದ್ದಾಗ ಬೇರೊಬ್ಬಳ ಜೊತೆ ಓಡಿಹೋಗಿ, ಓಹಾಯೋದಲ್ಲಿ ಹಾಯಾಗಿ ಮುದುಕನಾಗಿದ್ದ. ಆ ಮುಳುಗಿದ ಅಪ್ಪ ಮೊದಲ ಪುಸ್ತಕದ ಹಿಂಬದಿಯ ಲೇಖಕರ ಪರಿಚಯಕ್ಕೆಂದು ಕಟ್ಟಿದ ಕಥೆ.

ವೆಲ್ಮಾ ಜಾತಕ ಬರೆದು ತಲೆಯಾಡಿಸಿದಳು. “ಗುರುವಾರ ಬೇಡ್ವೇ ಬೇಡ. ಶನಿ ಎಂಟನೇ ಮನೇಲಿ ಕೂತಿದಾನೆ. ಮೂರು ವಾರ ಬಿಟ್ಟು ಹೋಗಿ.”

ನಾನು ಅವಳ ಟ್ರಕ್ಕಿನ ತನಕ ಓಡಿ ನಿಜ ಹೇಳಿಬಿಟ್ಟೆ. ಬಾನೆಟ್ಟಿನ ಮೇಲೆ ಗ್ರಹಗಳ ಪುಸ್ತಕ ಹರವಿ ಅವಳು ಮತ್ತೆ ಲೆಕ್ಕ ಹಾಕಿದಳು. ಮುಖ ಬಿಳಿಚಿಕೊಂಡಿತು.

“ಅಯ್ಯೋ, ಲಗ್ನಾನೇ ಬೇರೆ ಕಣೇ ಎಡ್ನಾ! ಗುರುವಾರಾನೇ ಒಳ್ಳೇದು. ಅದು ತಪ್ಪಿದ್ರೆ... ಆಮೇಲೆ ನಂಗೇನೂ ಕಾಣ್ತಿಲ್ಲ.”

ನನಗೆ ಗ್ರಹಗಳಲ್ಲಿ ನಂಬಿಕೆಯಿಲ್ಲ. ಆದರೆ ಅವರಿಗಿತ್ತು. ಇಬ್ಬರೂ ಒಳಗೆ ಹೋಗಿ ಹೇಳಿದೆವು.

“ಇವಳಿಗೆ ಅರಳುಮರಳು. ನನ್ನಪ್ಪ ಮುಳುಗಿದ್ದು ನಿಜ,” ಎಂದರು ಥರ್ಲೋ.

“ಊರಿಗೆಲ್ಲ ಯಾರು ಹೇಳಿ ಅಂದ್ರು? ಸುಮ್ನೆ ಗುರುವಾರ ಹೋಗಿ ಮಲ್ಕೊಳ್ಳಿ ಮಾರಾಯ್ರೆ!” ಎಂದಳು ವೆಲ್ಮಾ.

“ಹೋದ್ರೆ ಒಪ್ಕೊಂಡ ಹಾಗಾಗತ್ತೆ.”

ಎಂಥ ಹಾಳು ಜಂಬ! ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು, ಭಯವೂ ಆಯಿತು. ಅವರು ವೆಲ್ಮಾಳನ್ನೇ ನೋಡುತ್ತ ಫೋನ್ ಎತ್ತಿ, ಆಸ್ಪತ್ರೆಯವರಿಗೆ ಮೂರು ವಾರ ಕಳೆದು ಬರುವುದಾಗಿ ತಿಳಿಸಿದರು. ಆಚೆಯವರು ಏನೋ ಬೇಡಿಕೊಳ್ಳುತ್ತಿದ್ದರು. ಇವರು ಫೋನ್ ಇಟ್ಟುಬಿಟ್ಟರು.

ಆಮೇಲೆ ಹದಿನಾರು ದಿನ ಬದುಕಿದ್ದರು. ಒಂದು ದಿನವೂ ನನ್ನನ್ನು ಕೋಣೆಯೊಳಗೆ ಬಿಡಲಿಲ್ಲ.