ಇಪ್ಪತ್ತು ನಿಮಿಷ ಕುದಿದ ನೀರು

“ಹೊಡಿಯೋ ಮುನಿಶಾಮಿ. ನಿನ್ ಹೆಂಡ್ತೀನ ತಿಂದೋಳು ಇವ್ಳೇ. ಕೈಗೆ ಎಕ್ಕಡ ಕೊಟ್ಟಿದೀನಿ, ಇನ್ನೇನ್ ಅರಿಶಿನ ಕುಂಕುಮಾನೂ ಕೊಡ್ಬೇಕಾ, ಬೇವರ್ಸಿ ನನ್ಮಗ್ನೆ?”

ಆಸ್ಪತ್ರೆಯ ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಆಯಾ ಮರಿಯಮ್ಮ ಮಂಡಿಯೂರಿ ಕೂತಿದ್ದಳು. ಅವಳ ಮುಂದೆ ಮುನಿಶಾಮಿ ನಿಂತಿದ್ದ. ಅವನ ಹೆಂಡತಿ ನಾರಾಯಣಮ್ಮ ಹೆತ್ತು ಐದು ದಿನಕ್ಕೆ, ಅಂದು ಬೆಳಿಗ್ಗೆ ಆರು ಗಂಟೆಗೆ, ಬಾಣಂತಿ ಜ್ವರದಲ್ಲಿ ಸತ್ತಿದ್ದಳು. ಎಕ್ಕಡ ಚಿಕ್ಕಬೈರಪ್ಪ ಗೌಡರದು. ಆಸ್ಪತ್ರೆ ಗೌಡರದು. ಮುನಿಶಾಮಿ ದುಡಿಯುತ್ತಿದ್ದ ತೋಟವೂ ಗೌಡರದು.

ಮುನಿಶಾಮಿ ಹೊಡೆದ. ಮೊದಲನೆಯ ಏಟು ಮೆಲ್ಲಗಿತ್ತು. ನಾಲ್ಕನೆಯದಕ್ಕೆ ಅವನ ಕಣ್ಣಲ್ಲಿ ನೀರು ಬಂತು, ಅಲ್ಲಿಂದ ಕೈ ಜೋರಾಯಿತು. ಮರಿಯಮ್ಮನ ಎಡಗಿವಿಯ ಓಲೆ ಕಿತ್ತು ಬಂತು. ರಕ್ತ ಕುತ್ತಿಗೆಗಿಳಿದು ರವಿಕೆಯೊಳಗೆ ಹೋಯಿತು.

“ಈ ತಿಂಗ್ಳು ಮೂರನೇದು,” ಎಂದರು ಗೌಡರು. “ಕೈ ತೋರ್ಸೇ.”

ಅವಳು ಎರಡೂ ಕೈ ಮುಂದೆ ಚಾಚಿದಳು. ಗೌಡರು ಫಿನೈಲ್ ಡಬ್ಬ ತರಿಸಿ, ನೀರು ಬೆರೆಸದೆ, ಅವುಗಳ ಮೇಲೆ ಸುರಿದರು.

“ಕೇರಿ ಕೊಳಕೆಲ್ಲ ಹೋಗ್ಲಿ. ಉಜ್ಕೊಳೇ. ಮೊಣಕೈಗಂಟ ಉಜ್ಕೋ.”

“ಉರೀತದೆ ಬುದ್ದಿ.”

“ಸತ್ತೋಳ್ಗೂ ಉರೀತಿತ್ತು ಕಣೇ, ಮುಂಡೆ.”

ಅವಳು ಉಜ್ಜಿಕೊಂಡಳು. ಬೆರಳ ಸಂದಿಯ ಚರ್ಮ ಮೊದಲು ಬೆಳ್ಳಗಾಯಿತು, ಆಮೇಲೆ ಸುಲಿಯಿತು.

ನಾನು ವಾರ್ಡಿನ ಕಿಟಕಿಯಲ್ಲಿ ನಿಂತಿದ್ದೆ. ಕೈಯಲ್ಲಿ ಥರ್ಮಾಮೀಟರ್ ಇತ್ತು. ಏಳನೇ ಮಂಚದವಳಿಗೆ ನೂರ ಮೂರು. ಬರೆದುಕೊಂಡೆ.

*

ಅದು ಅರವತ್ತನಾಲ್ಕನೇ ಇಸವಿ. ಜಯನಗರದ ಬ್ಲಾಕುಗಳು ಮುಗಿದು ಸುದ್ದಗುಂಟೆಪಾಳ್ಯದ ಹೊಲ ಶುರುವಾಗುವ ಕಡೆ ಗೌಡರು ತಮ್ಮ ತಾಯಿಯ ಹೆಸರಿನಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದರು. ಮುಂದುಗಡೆ ಎಂಟು ಸ್ಪೆಷಲ್ ರೂಮು. ಜಯನಗರದ ಆಫೀಸರುಗಳ ಹೆಂಡಂದಿರಿಗೆ. ಹಿಂದುಗಡೆ ತಗಡಿನ ಸೂರಿನ ಕೆಳಗೆ ಹನ್ನೆರಡು ಮಂಚ. ಅದು ಧರ್ಮಾರ್ಥ. ಆ ವಾರ್ಡಿಗೆ ನಾನೊಬ್ಬಳೇ ಸಿಸ್ಟರ್, ಮರಿಯಮ್ಮ ಒಬ್ಬಳೇ ಆಯಾ.

ಕತ್ತರಿ, ಇಕ್ಕಳ ಕುದಿಸುವ ಕರೆಂಟಿನ ಡಬ್ಬಿ ಮುಂದುಗಡೆ ಇತ್ತು. ಅದರ ಕೀಲಿ ಗೌಡರ ಸೊಂಟದಲ್ಲಿತ್ತು. ನಮ್ಮ ವಾರ್ಡಿಗೆ ಒಂದು ಸೀಮೆಎಣ್ಣೆ ಸ್ಟೌ ಕೇಳಿದ್ದೆ.

“ಸ್ಟೌ ಕೊಟ್ರೆ ನಾಳೆ ಆ ಸೀಮೆಎಣ್ಣೆ ನಿಮ್ಮನೆ ಬುಡ್ಡೀಲಿ ಉರೀತದೆ. ನಂಗೊತ್ತಿಲ್ವಾ ನಿಮ್ ಕಸುಬು?”

ಹಾಗಾಗಿ ಬಿಸಿನೀರು ಅಡುಗೆಮನೆಯಿಂದ ಬರಬೇಕು. ಅಡುಗೆಯ ಸತ್ಯಭಾಮಮ್ಮ ಮಡಿ ಹೆಂಗಸು. ಸ್ಪೆಷಲ್ ರೂಮಿನವರು ಬೇರೆಯವರ ಕೈಯಲ್ಲಿ ಉಣ್ಣುವುದಿಲ್ಲವೆಂದು ಗೌಡರು ಬಸವನಗುಡಿಯಿಂದ ಹುಡುಕಿ ತಂದಿದ್ದರು. ಹೆರಿಗೆ ಮುಟ್ಟಿದವರೆಲ್ಲ ಅವರಿಗೆ ಮೈಲಿಗೆ. ನಾನೂ ಮೈಲಿಗೆ. ಮರಿಯಮ್ಮನಾದರೆ ನೆರಳೂ ಮೈಲಿಗೆ. ಅವಳು ಕತ್ತರಿ, ಇಕ್ಕಳದ ಸಾಮಾನು ತುಂಬಿದ ಅಲ್ಯೂಮಿನಿಯಂ ಬೇಸಿನ್ನನ್ನು ಹೊಸ್ತಿಲಾಚೆ ಇಟ್ಟು ಮೂರು ಮೆಟ್ಟಿಲು ಇಳಿದು ನಿಲ್ಲಬೇಕು. ಪೂಜೆ ಮುಗಿದು, ಮುಂದುಗಡೆಯವರ ಕಾಫಿ ಮುಗಿದ ಮೇಲೆ, ಸತ್ಯಭಾಮಮ್ಮ ಬಂದು ಎರಡು ಚೆಂಬು ನೀರನ್ನು ಎತ್ತರದಿಂದ ಸುರಿಯುತ್ತಿದ್ದರು. ಚೆಂಬು ಬೇಸಿನ್ನಿಗೆ ತಾಗಬಾರದು, ಹನಿ ಸೀರೆಗೆ ಸಿಡಿಯಬಾರದು. ಆ ನೀರಿನಲ್ಲಿ ಕೈ ಅದ್ದಿದರೆ ಹಿತವಾಗಿರುತ್ತಿತ್ತು. ಅಷ್ಟು ಆರಿರುತ್ತಿತ್ತು. ಆ ದಿನದ ಹೆರಿಗೆಗಳೆಲ್ಲ ಅದರಲ್ಲೇ.

ನಮ್ಮಪ್ಪ ಇದೇ ಪಾಳ್ಯದ ಅಗಸ. ಬಾಣಂತಿ ಬಟ್ಟೆಯನ್ನು ಬೇರೆ ಬಾನಿಯಲ್ಲಿ ಉಬ್ಬೆಗಿಟ್ಟು, ಹಬೆ ಹಾಯಿಸಿ, ಅರ್ಧ ದಿನ ಬೇಯಿಸುತ್ತಿದ್ದ. “ಹೆತ್ತೋಳ ಬಟ್ಟೆ ಉಬ್ಬೆಗಾಕ್ದೆ ಕೊಟ್ರೆ ಆ ಜೀವ ನಮ್ ತಲೇಗ್ ಬತ್ತದೆ ಮಗ” ಎನ್ನುತ್ತಿದ್ದ. ಮದರಾಸಿನ ನರ್ಸಿಂಗ್ ಶಾಲೆಯಲ್ಲಿ ನಾಲ್ಕು ವರ್ಷ ನಾನು ಅದನ್ನೇ ಇಂಗ್ಲಿಷಿನಲ್ಲಿ ಕಲಿತೆ. ಅಲ್ಲಿಂದ ಬಂದ ಮರುವರ್ಷ ಮದುವೆಯಾಯಿತು. ಅದರ ಮರುವರ್ಷ ಗಂಡ ಸತ್ತ. ಅವನ ಕೈಗಡಿಯಾರ ನಾನು ಕಟ್ಟಿಕೊಳ್ಳುತ್ತೇನೆ. ನಾಡಿ ಎಣಿಸಲು ಸೆಕೆಂಡ್ ಮುಳ್ಳು ಬೇಕು.

*

ಮೊದಲು ನನಗೂ ಅನುಮಾನ ಇದ್ದದ್ದು ಮರಿಯಮ್ಮನ ಕೈಗಳ ಮೇಲೆ. ಇದನ್ನು ಬರೆಯಲೇಬೇಕು. ಅವಳು ಕಕ್ಕಸು ತೊಳೆಯುತ್ತಿದ್ದಳು, ಹೆರಿಗೆಯಾದ ಮೇಲೆ ಬೀಳುವ ಮಾಸು ಹೂಳುತ್ತಿದ್ದಳು. ಅವಳ ಮೇಲೆಯೇ ರುಜುವಾತು ಮಾಡಲೆಂದು ಜ್ವರದ ಚಾರ್ಟುಗಳ ಹಿಂದೆ ಗೆರೆ ಎಳೆದು ಬರೆಯತೊಡಗಿದೆ: ಹೆರಿಗೆಯಾದ ಹೊತ್ತು, ಮುಟ್ಟಿದವರು ಯಾರು, ನೀರು ಯಾವಾಗ ಬಂತು, ಎಷ್ಟನೇ ದಿನ ಜ್ವರ.

ಜೂನ್, ಜುಲೈ ಎರಡು ತಿಂಗಳಲ್ಲಿ ಎಪ್ಪತ್ತೊಂದು ಹೆರಿಗೆ. ಹತ್ತೊಂಬತ್ತು ಜನಕ್ಕೆ ಜ್ವರ. ಐದು ಜನ ಸತ್ತರು.

ಆಗಸ್ಟಿನಲ್ಲಿ ಸತ್ಯಭಾಮಮ್ಮ ಮಗಳ ಬಾಣಂತನಕ್ಕೆಂದು ಇಪ್ಪತ್ತಾರು ದಿನ ಮೈಸೂರಿಗೆ ಹೋದರು. ಮುಂದುಗಡೆಯವರಿಗೆ ಹೋಟೆಲಿನಿಂದ ಕ್ಯಾರಿಯರ್ ಬಂತು. ಅಡುಗೆಮನೆಯ ಕಡೆ ಯಾರೂ ತಲೆ ಹಾಕಲಿಲ್ಲ.

“ಒಲೆ ಸುಮ್ನೆ ಬಿದ್ದದೆ ಸಿಸ್ಟರಮ್ಮ,” ಎಂದಳು ಮರಿಯಮ್ಮ. “ಹಚ್ಲಾ?”

“ಹಚ್ಚು.”

ಅವಳು ಬೇಲಿಯ ಸೌದೆ ತಂದು ಹಚ್ಚಿದಳು. ಪ್ರತಿ ಹೆರಿಗೆಗೂ ಕತ್ತರಿ, ಇಕ್ಕಳ, ಸೂಜಿ ಹೊಸದಾಗಿ ಕುದಿಸಿದೆವು. ನೀರು ಗುಳ್ಳೆ ಬಂದ ಮೇಲೆ ಇಪ್ಪತ್ತು ನಿಮಿಷ. ನಾನು ಗಡಿಯಾರ ಹಿಡಿದು ನಿಲ್ಲುತ್ತಿದ್ದೆ. “ಅನ್ನ ಬೇಯೋಕೂ ಇಷ್ಟೊತ್ತು ಬೇಡ, ಈ ಕಬ್ಬಿಣ ಯಾವಾಗ ಬೇಯ್ತದೋ” ಎಂದು ಅವಳು ನಗುತ್ತಿದ್ದಳು.

ಆ ಇಪ್ಪತ್ತಾರು ದಿನದಲ್ಲಿ ಮೂವತ್ತಮೂರು ಹೆರಿಗೆ. ಇಬ್ಬರಿಗೆ ಜ್ವರ. ಸತ್ತವರು ಇಲ್ಲ.

ಸತ್ಯಭಾಮಮ್ಮ ವಾಪಸು ಬಂದರು. ಅಡುಗೆಮನೆಗೆ ಗೋಮೂತ್ರ ಹಾಕಿ ತೊಳೆಸಿದರು. ಬೇಸಿನ್ ಮತ್ತೆ ಹೊಸ್ತಿಲಾಚೆ ಬಂತು. ಅಲ್ಲಿಂದ ಮೂವತ್ತು ಹೆರಿಗೆ, ಹನ್ನೊಂದು ಜ್ವರ, ಮೂರು ಸಾವು. ಮೂರನೆಯವಳು ನಾರಾಯಣಮ್ಮ.

ಮೂರು ಕಾಲಕ್ಕೂ ಕೈ ಅದೇ. ಬೇರೆಯಾದದ್ದು ನೀರು.

*

ಏಟಾದ ದಿನವೇ ಮಧ್ಯಾಹ್ನ ಗೌಡರು ನನ್ನನ್ನು ಆಫೀಸಿಗೆ ಕರೆಸಿದರು. ಆಸ್ಪತ್ರೆಯ ಡಾಕ್ಟರ್ ಅನಂತಪದ್ಮನಾಭ ಇದ್ದರು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ ಇತ್ತು. ‘ಆಯಾಳ ಅಶುಚಿಯಾದ ಕೈಗಳಿಂದಲೇ ಈ ಮರಣಗಳು ಸಂಭವಿಸಿದ್ದು ನನಗೆ ಖುದ್ದಾಗಿ ತಿಳಿದಿರುತ್ತದೆ.’ ಕೆಳಗೆ ನನ್ನ ಹೆಸರು, ಮಂಗಮ್ಮ ಎಂದು.

“ಸೈನ್ ಹಾಕು. ಸಂಜೆ ಪೊಲೀಸಿನೋರು ಬರ್ತಾರೆ. ಅವ್ಳನ್ನ ಒಯ್ಲಿ.”

ನಾನು ನನ್ನ ಏಳು ಹಾಳೆ ಡಾಕ್ಟರ ಮುಂದಿಟ್ಟೆ. ಅವರು ನಿಧಾನವಾಗಿ ಓದಿದರು. ಎರಡನೇ ಹಾಳೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

“ವೆರಿ ನೀಟ್ ವರ್ಕ್ ಸಿಸ್ಟರ್. ಆದ್ರೆ ನಂಬರ್ಸ್ ತುಂಬಾ ಸ್ಮಾಲ್. ಇದನ್ನ ಸೈನ್ಸ್ ಅನ್ನಕ್ಕಾಗಲ್ಲ.”

“ಸೈನ್ಸ್ ಆಗಕ್ಕೆ ಇನ್ನೆಷ್ಟು ಜನ ಸಾಯ್ಬೇಕು ಸಾರ್?”

ಅವರು ಕಾಫಿ ಲೋಟದೊಳಗೆ ನೋಡಿದರು.

“ಏನಂತೆ ಡಾಕ್ಟ್ರೇ?” ಎಂದರು ಗೌಡರು.

“ಏನಿಲ್ಲ. ಅಡುಗೆಮನೆ ನೀರು ಕುದ್ದಿರಲ್ಲ, ಅದ್ರಿಂದ ಜ್ವರ ಬರುತ್ತೆ ಅಂತ. ಆಯಾ ಒಳಗೆ ಹೋಗಿ ಕುದಿಸ್ಕೊಳ್ಲಿ ಅಂತ ಬರ್ದಿದಾರೆ.”

ಗೌಡರು ಎದ್ದು ಬಂದರು. ನನ್ನ ಹಾಳೆಗಳನ್ನು ಎರಡು ತುಂಡು ಮಾಡಿ, ನಾಲ್ಕು ತುಂಡು ಮಾಡಿ, ನನ್ನ ಮುಖಕ್ಕೆ ಎಸೆದರು. ಆಮೇಲೆ ಕೆನ್ನೆಗೆ ಹೊಡೆದರು. ಹೊಡೆಯುವಾಗ ಉಂಗುರ ತಾಗಿ ತುಟಿ ಒಡೆಯಿತು.

“ನಿಮ್ಮಪ್ಪ ನಮ್ಮನೆ ಮುಟ್ಟಿನ್ ಬಟ್ಟೆ ಒಗ್ದು ನಿನ್ನ ಓದ್ಸಿದ. ಈಗ ನೀನು ನಮ್ ಅಡ್ಗೆಮನೆ ಒಗೆಯಕ್ಕೆ ಬಂದ್ಯೇನೇ? ಗಂಡನ್ನ ನುಂಗಿ ನೀರ್ ಕುಡ್ದಿದೀಯ, ಕೆಲ್ಸಾನೂ ನುಂಗ್ಬೇಡ. ಹಾಕು ಸೈನು.”

ಡಾಕ್ಟರು ಪೆನ್ನಿನ ಮುಚ್ಚಳ ಬಿಚ್ಚಿ ಕೊಟ್ಟರು. ನಾನು ತೆಗೆದುಕೊಂಡೆ. ಹಾಕುತ್ತಿದ್ದೆನೋ ಏನೋ, ಹೇಳಲಾರೆ.

“ಸಿಸ್ಟರಮ್ಮ.” ಬಾಗಿಲಾಚೆ ಮರಿಯಮ್ಮ ನಿಂತಿದ್ದಳು. ಎರಡು ಕೈಗೂ ಹರಕು ಸೀರೆ ಸುತ್ತಿಕೊಂಡಿದ್ದಳು. “ನನ್ ಲಕ್ಷ್ಮಮ್ಮಂಗೆ ನೋವೆದ್ದದೆ.” ಸೈನ್ ಹಾಕದ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ.

*

ಲಕ್ಷ್ಮಮ್ಮ ಅವಳ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ, ಚೊಚ್ಚಲು. ದಿನ ತುಂಬಲು ಇನ್ನೂ ಮೂರು ವಾರವಿತ್ತು. ಅಷ್ಟರೊಳಗೆ ಪೇಟೆಯ ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂದು ಮರಿಯಮ್ಮ ಒಂದು ಜಟಕಾದವನಿಗೆ ಹೇಳಿಟ್ಟಿದ್ದಳು. ಈ ಆಸ್ಪತ್ರೆಗೆ ಮಾತ್ರ ಬೇಡ ಎನ್ನುತ್ತಿದ್ದಳು. ತಾಯಿಗೆ ಏಟು ಬಿದ್ದ ಸುದ್ದಿ ಕೇಳಿ ಹುಡುಗಿ ಕೇರಿಯಿಂದ ಓಡಿಬಂದು, ವಾರ್ಡಿನ ಬಾಗಿಲಲ್ಲೇ ಕುಸಿದಿದ್ದಳು. ಗರ್ಭದ ನೀರು ಒಡೆದುಹೋಗಿತ್ತು. ಪರೀಕ್ಷಿಸಿದೆ. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಯಾವ ಜಟಕಾಕ್ಕೂ ಹೊತ್ತಿರಲಿಲ್ಲ.

ಮರಿಯಮ್ಮ ಬೇಸಿನ್ ನೋಡಿದಳು. ನೀರು ತಣ್ಣಗಿತ್ತು. ಮೇಲೆ ತೆಳ್ಳನೆಯ ಜಿಡ್ಡು.

“ನಾರಾಯಣಮ್ಮಂಗೂ ಇದೇ ಕತ್ರಿ ಅಲ್ವಾ?”

“ಹೌದು.”

“ಏಳನೇ ಮಂಚದೋಳ್ಗೂ?”

“ಹೌದು.”

ಅವಳು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಚರ್ಮ ಬಟ್ಟೆಗೆ ಅಂಟಿ ಬಂತು. ನೀರು ಚೆಲ್ಲಿ, ಸಾಮಾನಿನ ಸಮೇತ ಬೇಸಿನ್ ಎತ್ತಿಕೊಂಡು ಹೊರಟಳು. ಹತ್ತನೇ ಮಂಚದ ಹೆಂಗಸಿಗೆ ಲಕ್ಷ್ಮಮ್ಮನ ಕೈ ಹಿಡಿದುಕೊಳ್ಳಲು ಹೇಳಿ ನಾನು ಹಿಂದೆ ಹೋದೆ.

ಮೂರು ಮೆಟ್ಟಿಲ ಕೆಳಗೆ ಅವಳು ನಿಲ್ಲಲಿಲ್ಲ. ಹೊಸ್ತಿಲ ಹತ್ತಿರವೂ ನಿಲ್ಲಲಿಲ್ಲ. ದಾಟಿದಳು.

“ಏಯ್! ಏಯ್! ಎಲ್ಲಿಗ್ ನುಗ್ತಿದೀಯೆ!” ಸತ್ಯಭಾಮಮ್ಮ ಒಲೆಯ ಮುಂದಿನಿಂದ ಚೀರಿದರು. “ಅಯ್ಯೋ ರಾಮ, ಮುಂದುಗಡೆ ರೂಮಲ್ಲಿ ನಾಮಕರಣ ಕಣೇ! ಪಾಯಸಕ್ಕಿಟ್ಟಿರೋ ನೀರು ಕಣೇ ಅದು! ಮಡಿ ಕಣೇ, ಮಡಿ!”

“ಮಡಿ ನೀರೇ ಬೇಕಾಗಿತ್ತು ಅಮ್ಮಾರೇ.”

ಸತ್ಯಭಾಮಮ್ಮ ಉರಿಯುವ ಕೊಳ್ಳಿ ಎಳೆದು ಬೀಸಿದರು. ಅದು ಮರಿಯಮ್ಮನ ಮುಂಗೈಗೆ ಬಿತ್ತು. ಕೂದಲು ಸುಟ್ಟ ವಾಸನೆ ಬಂತು. ಎರಡನೇ ಏಟು ಹೆಗಲಿಗೆ. ಅವಳು ಹಿಂದೆ ಸರಿಯದೆ ಬೇಸಿನ್ನನ್ನು ಹಿತ್ತಾಳೆ ತಪ್ಪಲೆಯ ಮೇಲೆ ಬಗ್ಗಿಸಿದಳು. ಕತ್ತರಿ, ಎರಡು ಇಕ್ಕಳ, ಸೂಜಿ ತಳಕ್ಕೆ ಬಡಿದ ಸದ್ದು ಕೇಳಿತು. ಕುದಿಯುತ್ತಿದ್ದ ನೀರು ಸುಮ್ಮನಾಯಿತು.

ಸತ್ಯಭಾಮಮ್ಮ ಕೊಳ್ಳಿ ಎಸೆದು, ಸೆರಗು ಎತ್ತಿ ಹಿಡಿದುಕೊಂಡು, “ಗೌಡ್ರೇ! ಗೌಡ್ರೇ!” ಎಂದು ಹೊರಗೆ ಓಡಿದರು.

ಬಾಗಿಲು ಮುಚ್ಚಿದವಳು ನಾನು. ಅಗುಳಿ ಹಾಕಿದವಳೂ ನಾನೇ.

ಕೊಳ್ಳಿ ಎತ್ತಿ ಒಲೆಗೆ ತಳ್ಳಿದೆ. ಟೈಪು ಮಾಡಿದ ಹಾಳೆ ಇನ್ನೂ ನನ್ನ ಸೊಂಟದಲ್ಲಿ ಮುದುಡಿಕೊಂಡಿತ್ತು. ಅದನ್ನೂ ತಳ್ಳಿದೆ. ತಪ್ಪಲೆಯ ಅಂಚಿನಲ್ಲಿ ಒಂದು ಗುಳ್ಳೆ, ಆಮೇಲೆ ನಾಲ್ಕು, ಆಮೇಲೆ ನೀರೆಲ್ಲ ಕದಡಿ ಮೇಲೆದ್ದಿತು. ಗಡಿಯಾರ ನೋಡಿದೆ. ಎರಡು ಗಂಟೆ ಹದಿನಾಲ್ಕು ನಿಮಿಷ.

*

ಗೌಡರು ಮೊದಲು ಬಾಗಿಲನ್ನು ಕೈಯಲ್ಲಿ ಬಡಿದರು. ಆಮೇಲೆ ಒದ್ದರು.

“ತೆಗಿಯೇ ಲೌಡಿ! ಇಬ್ರನ್ನೂ ಅದೇ ಒಲೇಗ್ ತುರುಕ್ತೀನಿ! ಮುನಿಶಾಮಿ, ಕೊಡ್ಲಿ ತಗೊಂಬಾರೋ!”

ಎರಡು ಹತ್ತೊಂಬತ್ತು. ಮರಿಯಮ್ಮ ರುಬ್ಬುವ ಗುಂಡನ್ನು ಉರುಳಿಸಿ ತಂದು ಬಾಗಿಲಿಗೆ ಒತ್ತಿಟ್ಟಳು. ಗುಂಡಿನ ಮೇಲೆ ಅವಳ ಬೆರಳುಗಳ ಒದ್ದೆ ಗುರುತು ಉಳಿಯಿತು.

ಹೊರಗೆ ಕೊಡಲಿಯ ಕಾವನ್ನು ಕಲ್ಲಿಗೆ ಕುಟ್ಟಿ ಬಿಗಿ ಮಾಡುವ ಸದ್ದು. ನಾನು ಬಾಗಿಲಿಗೆ ಬಾಯಿ ಹತ್ತಿರ ತಂದೆ.

“ಮುನಿಶಾಮಿ. ನಾರಾಯಣಮ್ಮಂಗೆ ಹಾಕಿದ್ದ ಕತ್ರಿ ಕುದ್ದಿರ್ಲಿಲ್ಲ. ಅದಕ್ಕೆ ಸತ್ಲು. ಮರಿಯಮ್ಮನ ಕೈಯಿಂದಲ್ಲ. ಕುದಿಯೋ ನೀರು ಕೊಟ್ಟಿದ್ರೆ ಬದುಕ್ತಿದ್ಲು.”

ಸದ್ದು ನಿಂತಿತು.

“ಏನ್ ಬುದ್ದಿ, ಸಿಸ್ಟರಮ್ಮ ಯೋಳ್ತಿರೋದು?”

“ಬೊಗಳ್ತಾಳೆ. ಒಡಿಯೋ.”

“ನೀರಾ ಬುದ್ದಿ? ನೀರು ಕೊಡ್ನಿಲ್ವಾ?”

“ಒಡಿಯೋ ಅಂದ್ರೆ, ಬೋಳಿಮಗ್ನೆ!”

“ಒಂದ್ ತಪ್ಪಲೆ ನೀರಿಗಾ ಬುದ್ದಿ, ನಾನು ಆ ಯಮ್ಮನ್ನ ಹೊಡ್ದಿದ್ದು?”

ಅವನ ಕೆನ್ನೆಗೆ ಬಿದ್ದ ಏಟು ಒಳಗೂ ಕೇಳಿಸಿತು. ಕೊಡಲಿ ಕಲ್ಲಿನ ಮೇಲೆ ಬಿತ್ತು. ಯಾರೋ ಅದನ್ನು ಎತ್ತಿಕೊಂಡರು. ಏದುಸಿರು ಕೇಳಿ ಗೌಡರೇ ಎಂದು ಗೊತ್ತಾಯಿತು.

ಮೊದಲ ಏಟಿಗೆ ಹಲಗೆ ಸೀಳಿತು. ಮರಿಯಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕಾಲುಗಳನ್ನು ಒಲೆಕಟ್ಟೆಗೆ ಒದ್ದು ಹಿಡಿದಳು.

“ಮರಿಯಮ್ಮ, ಈಚೆ ಬಾ. ಕೊಡಲಿ ತಾಗುತ್ತೆ.”

“ಇನ್ನೆಷ್ಟು ಸಿಸ್ಟರಮ್ಮ?”

“ಒಂಬತ್ತು ನಿಮಿಷ.”

“ಅಲ್ಲೀಗಂಟ ಕೂತಿರ್ತೀನಿ.”

ಎರಡನೇ ಏಟು. ಕೊಡಲಿಯ ಬಾಯಿ ಅವಳ ಕಿತ್ತುಹೋದ ಕಿವಿಯ ಪಕ್ಕ ಎರಡು ಬೆರಳು ಒಳಗೆ ಬಂದು, ಸಿಕ್ಕಿಕೊಂಡು, ಕಿರುಗುಟ್ಟಿ ಹಿಂದೆ ಹೋಯಿತು. ಆ ಸೀಳಿನಿಂದ ಮಧ್ಯಾಹ್ನದ ಬಿಸಿಲು ಒಳಬಂದು ತಪ್ಪಲೆಯ ಮೇಲೆ ಬಿತ್ತು. ವಾರ್ಡಿನಲ್ಲಿ ಲಕ್ಷ್ಮಮ್ಮ ಒಂದೇ ಸಮನೆ ಕೂಗುತ್ತಿದ್ದಳು.

ಎಂಟು ನಿಮಿಷ. ಉರಿ ಸ್ವಲ್ಪ ತಗ್ಗಿತ್ತು. ಒಲೆಗೆ ಇನ್ನೊಂದು ಸೌದೆ ಇಟ್ಟೆ.